ಹೊರಗಿನಿಂದ ಹಾಕಿದ ಬೀಗ

ಹಬೆ ಕೊಳವೆ ಒಡೆದಾಗ ಐನ್‌ತೂತ್ ಊರಿನ ರೇಷ್ಮೆ ಕಾರ್ಖಾನೆಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಕೀಲಿಕೈ ಮೇಸ್ತ್ರಿ ಜರ್ಜೂರನ ನಡುಪಟ್ಟಿಯಲ್ಲಿತ್ತು. ಜರ್ಜೂರ ಹೊಳೆಯಾಚೆ ಅತ್ತೆಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಿದ್ದ.

ಬೀಗ ಹಾಕುವ ಪದ್ಧತಿ ಮೊದಲು ಇರಲಿಲ್ಲ. ಆ ವರ್ಷ ಗೂಡಿನ ಸುಗ್ಗಿ ಮುಗಿದ ಮೇಲೆ, ಹೆಂಗಸರು ಉಡುಪಿನ ಮಡಿಕೆಯಲ್ಲಿ ರೇಷ್ಮೆ ಸಿಕ್ಕು ಅಡಗಿಸಿಕೊಂಡು ಹೋಗುತ್ತಾರೆಂಬ ಅನುಮಾನ ಧಣಿ ಖವಾಜಾ ಸಿಮಾನನ ತಲೆ ಹೊಕ್ಕಿತು. ಗಾಳಿ ಬೀಸಿದರೆ ಎಳೆ ಹರಿಯುತ್ತದೆಂದು ಕಿಟಕಿಗಳನ್ನು ಮೊದಲಿನಿಂದಲೂ ಮುಚ್ಚಿಯೇ ಇಡುತ್ತಿದ್ದರು. ಈಗ ಬಾಗಿಲೂ ಮುಚ್ಚಿತು. ಬೆಳಿಗ್ಗೆ ಒಳಗೆ ಹೋದವರು ಸಂಜೆ ಜರ್ಜೂರನ ಮುಂದೆ ಒಬ್ಬೊಬ್ಬರಾಗಿ ನಿಂತು, ಮಡಿಲು ಕೊಡವಿ ತೋರಿಸಿ ಹೊರಗೆ ಬರಬೇಕು.

ಹೀಲಾನೆ ಮದುವೆಗೆ ಮುಂಚಿನಿಂದಲೂ ಅಲ್ಲಿ ನೂಲು ಬಿಚ್ಚುತ್ತಿದ್ದವಳು. ಕುದಿನೀರಿನ ಬೋಗುಣಿಯಲ್ಲಿ ಗೂಡು ತೇಲಿಸಿ, ಬೆರಳ ತುದಿಯಿಂದ ಎಳೆಯ ತಲೆ ಹುಡುಕಿ, ನಾಲ್ಕೈದು ಎಳೆ ಕೂಡಿಸಿ ರಾಟೆಗೆ ಹತ್ತಿಸಬೇಕು. ಅವಳ ಬೆರಳುಗಳು ನೀರಲ್ಲಿ ನೆನೆದ ಕಡಲೆಯಂತೆ ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಬೆಂದ ಹುಳದ ವಾಸನೆ ಎಷ್ಟು ಉಜ್ಜಿದರೂ ಮೈಬಿಟ್ಟು ಹೋಗುತ್ತಿರಲಿಲ್ಲ. ಎತ್ತರದ ಆಳು, ಮಾತು ಖಡಕ್ಕು. ಚರ್ಚಿನಲ್ಲಿ ಯಾರಾದರೂ ಮೂಗಿಗೆ ತಲೆವಸ್ತ್ರ ಹಿಡಿದರೆ, "ನಿನ್ನ ಮಗಳ ಮದುವೆಗೆ ಹೊಲಿಸಿದ ರೇಷ್ಮೆ ಅಂಗೀನೂ ಇದೇ ವಾಸನೆ ಕುಡಿದು ಬಂದಿದ್ದು ಕಣಮ್ಮ" ಎನ್ನುತ್ತಿದ್ದಳು.

ಅವಳ ಪಕ್ಕದ ಬೋಗುಣಿಯಲ್ಲಿ ಕೂರುತ್ತಿದ್ದವಳು ತಕ್ಲಾ. ಇನ್ನೂ ಎಳೆಯ ಹುಡುಗಿ, ದ್ರಾಕ್ಷಿ ಕೊಯ್ಲಾದ ಮೇಲೆ ಮದುವೆ ಗೊತ್ತಾಗಿತ್ತು. ಕೊಳವೆಯ ಬೆಸುಗೆ ಬಿಟ್ಟದ್ದು ಸರಿಯಾಗಿ ಅವಳ ಬೆನ್ನ ಹಿಂದೆ. ಹಾವು ಬುಸುಗುಟ್ಟಿದಂಥ ಸದ್ದು ಮೊದಲು ಕೇಳಿತು. ಹೀಲಾನೆ ತಿರುಗಿ ನೋಡುವಷ್ಟರಲ್ಲಿ ಎದುರಿಗೆ ಏನೂ ಕಾಣದಂತೆ ಬಿಳಿಯ ಹಬೆ ಕವಿದುಕೊಂಡಿತು. ಅದರೊಳಗಿನಿಂದ ತಕ್ಲಾಳ ಕೂಗು ಬಂತು.

ಹೆಂಗಸರೆಲ್ಲ ಬಾಗಿಲಿಗೆ ನುಗ್ಗಿದರು. ಬಾಗಿಲು ಅಲುಗಲಿಲ್ಲ. "ಜರ್ಜೂರಾ! ಯಾರಾದ್ರೂ ಜರ್ಜೂರನ್ನ ಕರೀರಪ್ಪೋ!" ಎಂದು ಮುಂದಿದ್ದವರು ಹಲಗೆ ಬಡಿದರು. ಹಿಂದಿದ್ದವರು ಅವರ ಮೇಲೆ ಬಿದ್ದರು. ಕಿಟಕಿಗಳು ಆಳೆತ್ತರಕ್ಕಿಂತ ಮೇಲಿದ್ದವು, ಅವುಗಳಿಗೆ ಕಬ್ಬಿಣದ ಸರಳಿತ್ತು. ಹೀಲಾನೆ ನೆಲಕ್ಕೆ ಬಾಗಿ, ತಡಕಾಡುತ್ತಾ ತಕ್ಲಾಳನ್ನು ಹುಡುಕಿ, ಕಂಕುಳಿಗೆ ಕೈಹಾಕಿ ಗೋಡೆಯ ಕಡೆಗೆ ಎಳೆದಳು. ತನ್ನ ತಲೆವಸ್ತ್ರ ತಣ್ಣೀರಿಗೆ ಅದ್ದಿ ಹುಡುಗಿಯ ಕುತ್ತಿಗೆಗೆ ಸುತ್ತಿದಳು. ಹೊರಗೆ ಒಲೆಯುರಿ ನೋಡುವವನು ಕೂಗು ಕೇಳಿ ಹಬೆ ನಿಲ್ಲಿಸಿದ. ಬಾಗಿಲು ತೆರೆಯುವುದು ಮಾತ್ರ ಅವನ ಕೈಲಿರಲಿಲ್ಲ.

ಕೊನೆಗೆ ಓಡುತ್ತಾ ಬಂದ ಜರ್ಜೂರ ಬೀಗ ತೆಗೆದ. ಅವನ ಮೀಸೆಯಲ್ಲಿ ಇನ್ನೂ ಮೊಸರಿತ್ತು. ಹೆಂಗಸರು ಒಬ್ಬರ ಮೇಲೊಬ್ಬರು ಹೊರಗೆ ಬಿದ್ದರು. ಗಾಬರಿಯಲ್ಲಿ ಏನು ಮಾಡಬೇಕೆಂದು ತೋಚದೆ ಅವನು ದಿನದ ರೂಢಿಯಂತೆ ಬಾಗಿಲಿಗೆ ಅಡ್ಡ ಕೈ ಚಾಚಿದ.

"ನೂಕಬೇಡಿ, ನೂಕಬೇಡಿ! ಒಬ್ಬೊಬ್ರಾಗಿ ಬನ್ನಿ, ಮಡಿಲು ತೋರಿಸಿ..."

ತಕ್ಲಾಳನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ ಹೀಲಾನೆ ಮೊಣಕೈಯಿಂದ ಅವನ ಎದೆಗೆ ಗುದ್ದಿದಳು. ಅವನು ಗೋಡೆಗೆ ಒರಗಿಕೊಂಡ.

"ನೋಡು, ನೋಡ್ಕೊ! ಈ ಹುಡುಗಿ ಕೈಯಲ್ಲಿ ಚರ್ಮ ಉಳಿದಿದ್ರೆ ಅದನ್ನೂ ಇಟ್ಕೊ!"

ತಕ್ಲಾ ಬದುಕಿದಳು. ಎರಡೂ ತೋಳು ಮತ್ತು ಕುತ್ತಿಗೆಯ ಒಂದು ಮಗ್ಗುಲು ಬೆಂದಿತ್ತು. ಅವಳ ತಾಯಿ ಆಲಿವ್ ಎಣ್ಣೆಯಲ್ಲಿ ನೆನೆಸಿದ ಬಟ್ಟೆ ಹಾಕಿ, ಹಾಸಿಗೆಯ ಪಕ್ಕದಲ್ಲಿ ಕೂತು, ನೊಣ ಬೀಸುತ್ತಿದ್ದಳು. ಮದುವೆ ಗಂಡಿನ ತಾಯಿ ಬಂದು ಬಾಗಿಲಲ್ಲೇ ನಿಂತು ನೋಡಿ ಹೊರಟುಹೋದಳು.

ಮಾರನೆಯ ಬೆಳಿಗ್ಗೆ ಕಾರ್ಖಾನೆಯ ಗಂಟೆ ಎಂದಿನಂತೆ ಬಾರಿಸಿತು. ಕೊಳವೆಗೆ ತೇಪೆ ಹಾಕಿದ್ದರು. ಹೆಂಗಸರು ರೊಟ್ಟಿ, ಈರುಳ್ಳಿಯ ಗಂಟು ಹಿಡಿದು ಬಂದರು. ಮುಷ್ಕರ ಹೂಡಬೇಕೆಂದು ಯಾರೂ ಮಾತಾಡಿಕೊಂಡಿರಲಿಲ್ಲ. ಎಲ್ಲರಿಗಿಂತ ಮುಂದಿದ್ದ ಹೀಲಾನೆ ಹೊಸ್ತಿಲ ತನಕ ಬಂದಳು, ಕಾಲೆತ್ತಲು ಹೋದಳು, ಆಗಲಿಲ್ಲ. ನಿಂತೇಬಿಟ್ಟಳು. ಹಿಂದಿದ್ದವರೂ ನಿಂತರು.

"ಏನೇ ಹೀಲಾನೆ, ದಾರಿ ಮರೆತುಹೋಯ್ತಾ?" ಎಂದ ಜರ್ಜೂರ.

"ಆ ಬೀಗ ನನ್ನ ಕೈಗೆ ಕೊಡು, ಒಳಗೆ ಹೋಗ್ತೀನಿ."

"ಬೀಗ ನಿನ್ನಪ್ಪಂದಾ?"

"ಒಳಗೆ ಬೇಯೋಳು ನಮ್ಮಪ್ಪನ ಮಗಳು."

ಹಿಂದೆ ಯಾರೋ ನಕ್ಕರು. ಆ ನಗುವೇ ಎಲ್ಲರಿಗೂ ಧೈರ್ಯ ಕೊಟ್ಟಿತು. ಖವಾಜಾ ಸಿಮಾನ ಮೇಲಿನ ಮಹಡಿಯಿಂದ ಇಳಿದು ಬಂದ. ಕೂಗಾಡುವ ಮನುಷ್ಯನಲ್ಲ. ಊರಿನ ಅರ್ಧ ಮಕ್ಕಳ ಜ್ಞಾನಸ್ನಾನಕ್ಕೆ ಸಕ್ಕರೆ ಬಾದಾಮಿ ಕಳಿಸಿದವನು.

"ಒಂದು ಬೀಗಕ್ಕೆ ಇಷ್ಟು ರಂಪಾನಾ? ತಕ್ಲಾನ ಔಷಧಿ ನಾನು ನೋಡ್ಕೋತೀನಿ. ಒಳಗೆ ಹೋಗ್ರಮ್ಮ."

"ಔಷಧಿ ಕೊಡಿ ಖವಾಜಾ, ದೇವರು ಒಳ್ಳೇದು ಮಾಡ್ಲಿ. ಬೀಗ ಮಾತ್ರ ಬೇಡ," ಎಂದಳು ಹೀಲಾನೆ.

"ನನ್ನ ಮನೆ ಬಾಗಿಲಿಗೆ ಏನು ಹಾಕಬೇಕು ಅಂತ ನೀನು ಹೇಳ್ಕೊಡ್ತೀಯಾ?"

ಅವನ ದನಿ ಏರಲಿಲ್ಲ. ಆದರೂ ಅಲ್ಲಿದ್ದವರಿಗೆಲ್ಲ ತಿಳಿಯಿತು, ಇದು ಇನ್ನು ಬೀಗದ ಮಾತಾಗಿ ಉಳಿಯುವುದಿಲ್ಲ ಎಂದು.

ಹೀಲಾನೆಯ ಗಂಡ ದಾಹೆರ ಹೇಸರಗತ್ತೆ ಹೊಡೆಯುವವನು. ಕಾರ್ಖಾನೆಯ ಒಲೆಗೆ ಬೆಟ್ಟದಿಂದ ಸೌದೆ ತರುವುದು, ನೂಲಿನ ಮೂಟೆಗಳನ್ನು ಬೈರೂತಿನ ಬಂದರಿಗೆ ಸಾಗಿಸುವುದು ಅವನ ಕೆಲಸ. ಸುದ್ದಿ ಕೇಳಿ ಮನೆಗೆ ಬಂದವನೇ ಜೀನು ಕೆಳಗೆಸೆದ.

"ನಿನ್ನ ಬಾಯಿಂದ ನನ್ನ ಪ್ರಾಣಿಗಳಿಗೂ ಉಪವಾಸ! ಅವನ ಸೌದೆ ನಾನು ಹೊರ್ತೀನಿ, ಅವನ ಬಾಗಿಲಲ್ಲಿ ನೀನು ಜಗಳ ಆಡ್ತೀಯ. ನಾನು ಯಾವ ಮುಖ ಹೊತ್ಕೊಂಡು ಹೋಗ್ಲಿ?"

"ಇರೋ ಮುಖಾನೇ ಹೊತ್ಕೊಂಡು ಹೋಗು. ನಾನು ನಿನ್ನ ಕೆಲಸ ಬಿಡು ಅಂದ್ನಾ?"

"ಬೇರೆ ಯಾರೂ ಸಿಗಲಿಲ್ವಾ ಮುಂದೆ ನಿಲ್ಲೋಕೆ?"

"ಎತ್ತರ ಇದ್ದೀನಿ. ಎಲ್ಲಿ ನಿಂತ್ರೂ ಮುಂದೆ ನಿಂತಹಾಗೆ ಕಾಣ್ತೀನಿ."

ಅವನು ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಬೆಳಿಗ್ಗೆ ಅವಳೊಡನೆ ಮಾತಿಲ್ಲದೆ ಸೌದೆಗೆ ಹೋದ.

ಯಾರೂ ಕೆಲಸಕ್ಕೆ ಹೋಗದೆ ದಿನಗಳು ಉರುಳಿದವು. ಮನೆಮನೆಯಲ್ಲೂ ಅಡುಗೆ ಇಳಿಯಿತು. ಗೋಧಿನುಚ್ಚಿಗೆ ಈರುಳ್ಳಿ, ಆಮೇಲೆ ಬರೀ ನುಚ್ಚು. ಮಕ್ಕಳು ಮರದಲ್ಲಿ ಅಂಜೂರ ಹಣ್ಣಾಗಲು ಬಿಡುತ್ತಿರಲಿಲ್ಲ. ಹೆಂಗಸರು ದಿನವೂ ಕಾರ್ಖಾನೆಯ ಮುಂದಿನ ಹಿಪ್ಪುನೇರಳೆ ಮರಗಳ ಕೆಳಗೆ ಬಂದು ಕೂರುತ್ತಿದ್ದರು. ಮೊದಮೊದಲು ಹಾಡು, ಹರಟೆ. ಬರಬರುತ್ತಾ ಮಾತು ಕಡಿಮೆಯಾಯಿತು. "ಬೀಗ ಹಾಕ್ಕೊಂಡ್ರೆ ಹಾಕ್ಕೊಳ್ಲಿ ಬಿಡು, ದಿನಾ ಕೊಳವೆ ಒಡೆಯುತ್ತಾ?" ಎಂದು ಒಬ್ಬಳು ಮೆಲ್ಲಗೆ ಅಂದಳು. ಪಕ್ಕದವಳು ಉತ್ತರ ಕೊಡಲಿಲ್ಲ. ಉತ್ತರ ಕೊಡದೆ ಇದ್ದದ್ದನ್ನು ಹೀಲಾನೆ ಗಮನಿಸಿದಳು.

ಆಮೇಲೆ ಸುದ್ದಿ ಬಂತು. ಜರ್ಜೂರ ಬೆಟ್ಟದ ಮೇಲಿನ ರಾಸ್‌ಹಜಲ ಊರಿಗೆ ಹೋಗಿ ಹೆಂಗಸರನ್ನು ಒಟ್ಟುಮಾಡುತ್ತಿದ್ದಾನೆ. ಆ ಊರಿನ ಚರ್ಚಿಗೆ ಹೊಸ ಗಂಟೆ ಮಾಡಿಸಿಕೊಡುತ್ತೇನೆಂದು ಖವಾಜಾ ಮಾತು ಕೊಟ್ಟಿದ್ದಾನೆ. ಬರುವವರಲ್ಲಿ ಹೀಲಾನೆಯ ತಂಗಿ ನಜ್ಲಾಳೂ ಇದ್ದಾಳೆ.

ನಜ್ಲಾಳನ್ನು ರಾಸ್‌ಹಜಲಕ್ಕೆ ಕೊಟ್ಟಿದ್ದರು. ಅವಳ ಗಂಡ ಹಡಗು ಹತ್ತಿ ಬ್ರೆಜಿಲಿಗೆ ಹೋದವನು, ಹೋದ ಮೇಲೆ ಸತ್ತನೋ ಬದುಕಿದನೋ ತಿಳಿಯದು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಗಂಡನ ಅಣ್ಣನಾದ ಭಾವನ ಮನೆಯಲ್ಲಿ ಮೂಲೆ ಹಿಡಿದಿದ್ದಳು. ಈಸ್ಟರ್ ಹಬ್ಬದಲ್ಲಿ ಅಕ್ಕನ ಹತ್ತಿರ ಬಂದು, "ನನಗೂ ಒಂದು ಬೋಗುಣಿ ಕೊಡಿಸೇ" ಎಂದು ಕೇಳಿದ್ದಳು. ಹೀಲಾನೆ ಬೇಡವೆಂದಳು. ಈ ವಾಸನೆ, ಈ ಕೆಮ್ಮು, ಕಾರ್ಖಾನೆ ಹೆಂಗಸೆಂದರೆ ಜನ ಆಡುವ ಮಾತು, ನಿನ್ನ ಭಾವನ ಮನೆಯವರು ನಿನ್ನನ್ನು ಬಾಳಿಸುತ್ತಾರೇನು ಎಂದಳು. "ನೀನು ಉಂಡು, ನನಗೆ ಊಟ ಕಹಿ ಅಂತೀಯ" ಎಂದು ನಜ್ಲಾ ಎದ್ದುಹೋದವಳು ಮತ್ತೆ ಮುಖ ತೋರಿಸಿರಲಿಲ್ಲ.

ಹೀಲಾನೆ ಬೆಟ್ಟ ಹತ್ತಿ ಹೋದಳು. ಭಾವ ಅಂಗಳದ ಗೇಟಿನಲ್ಲೇ ತಡೆದ.

"ನಜ್ಲಾ ಇಲ್ಲ. ನೀರಿಗೆ ಹೋಗಿದ್ದಾಳೆ."

ಒಳಗೆ ನಜ್ಲಾ ಮಗುವಿಗೆ ಗದರುವ ದನಿ ಇಬ್ಬರಿಗೂ ಕೇಳಿಸಿತು.

"ನೀರಿಂದ ಬಂದ್ಮೇಲೆ ಹೇಳು, ಆ ಬಾಗಿಲಿಗೆ ಹೊರಗಿನಿಂದ ಬೀಗ ಹಾಕ್ತಾರೆ ಅಂತ. ಅಷ್ಟು ಹೇಳಿದ್ರೆ ಸಾಕು."

"ಹೇಳ್ತೀನಿ, ಹೇಳ್ತೀನಿ," ಎಂದು ಅವನು ಗೇಟು ಮುಚ್ಚಿದ.

ಅವರು ಬರುವ ದಿನ ಐನ್‌ತೂತಿನ ಹೆಂಗಸರು ಬಿಸಿಲೇರುವ ಮೊದಲೇ ಹೊಳೆಯ ಸೇತುವೆಗೆ ಹೋಗಿ ಅಡ್ಡ ಕೂತರು. ಕಲ್ಲಿನ ಹಳೆಯ ಸೇತುವೆ, ಎರಡು ಹೇಸರಗತ್ತೆ ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ತಕ್ಲಾಳ ತಾಯಿಯೂ ಮಗಳನ್ನು ನೆರೆಯವರಿಗೆ ಒಪ್ಪಿಸಿ ಬಂದಿದ್ದಳು. ಆಚೆ ದಡದ ಇಳಿಜಾರಿನಲ್ಲಿ ಮೊದಲು ಇಬ್ಬರು ಕುದುರೆ ಪೇದೆಗಳು ಕಂಡರು, ಅವರ ಹಿಂದೆ ಜರ್ಜೂರ, ಅವನ ಹಿಂದೆ ರಾಸ್‌ಹಜಲದ ಹೆಂಗಸರು. ನಜ್ಲಾ ಮುಂದಿನ ಸಾಲಿನಲ್ಲಿದ್ದಳು.

ಪೇದೆಗಳಲ್ಲಿ ಹಿರಿಯವನು ದಫೇದಾರ. ದಪ್ಪ ಮೀಸೆ, ನಿದ್ದೆಗಣ್ಣು. ಸೇತುವೆಯ ಬಾಯಲ್ಲಿ ಕುದುರೆ ನಿಲ್ಲಿಸಿದ.

"ಎದ್ದೇಳ್ರಮ್ಮ. ಇದು ಸರ್ಕಾರಿ ದಾರಿ."

"ಸರ್ಕಾರಿ ದಾರೀಲಿ ಕೂರಬಾರದು ಅಂತ ಇದೆಯಾ ದಫೇದಾರ್ರೆ?" ಎಂದಳು ಹೀಲಾನೆ. "ಕಾಲು ನೋಯ್ತಾ ಇದೆ."

ಆಚೆಯಿಂದ ಒಬ್ಬಳು ಕೂಗಿದಳು: "ಹೊಟ್ಟೆ ತುಂಬಿದವರಿಗೆ ಕಾಲು ನೋವು! ನಮಗೆ ಹೊಟ್ಟೆ ನೋವು ಕಣ್ರೇ, ದಾರಿ ಬಿಡಿ!"

"ಗಂಟೆಗೆ ಮಾರ್ಕೊಂಡು ಬಂದವರು!" ಎಂದು ಈಚೆಯಿಂದ ಒಬ್ಬಳು.

"ಹುಳ ನಾರೋರು!"

"ನಾಳೆ ನೀವೂ ನಾರ್ತೀರಿ, ಮೂಸಿ ನೋಡ್ಕೊಳ್ಳಿ!"

ಕಲ್ಲು ಕೈಗೆತ್ತಿಕೊಳ್ಳಲು ಎರಡೂ ಕಡೆ ಬಹಳ ಹೊತ್ತು ಬೇಕಿರಲಿಲ್ಲ. ಅಷ್ಟರಲ್ಲಿ ಆಚೆ ದಡದ ತಿರುವಿನಿಂದ ಗೆಜ್ಜೆ ಸದ್ದು ಬಂತು. ದಾಹೆರ ಸೌದೆ ಹೇರಿದ ಹೇಸರಗತ್ತೆಗಳ ಸಾಲು ಹೊಡೆದುಕೊಂಡು ಬರುತ್ತಿದ್ದ. ಸೌದೆ ಕಾರ್ಖಾನೆಗೆ ಹೋಗಬೇಕಾದದ್ದು. ಜರ್ಜೂರನ ಮುಖ ಅರಳಿತು.

"ಬಾ ದಾಹೆರ, ಬಾ! ಹೊಡಿ ಪ್ರಾಣಿಗಳನ್ನ ಸೇತುವೆ ಮೇಲೆ. ಏಳ್ತಾರೋ ಇಲ್ವೋ ನೋಡೋಣ!"

ಹೀಲಾನೆ ಗಂಡನನ್ನು ನೋಡಿದಳು. ಆ ವಾರವೆಲ್ಲ ಅವನು ಅವಳೊಡನೆ ಮಾತಾಡಿರಲಿಲ್ಲ. ಅವನು ಮುಂದಿನ ಹೇಸರಗತ್ತೆಯ ಹಗ್ಗ ಹಿಡಿದು ಹೆಂಗಸರ ಸಾಲಿನ ತನಕ ಬಂದ. ತಕ್ಲಾಳ ತಾಯಿ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳತೊಡಗಿದಳು. ದಾಹೆರ ನಿಂತ. ಹಗ್ಗ ಕೈಬಿಟ್ಟ. ಸೇತುವೆಯ ಕಟ್ಟೆಯ ಮೇಲೆ ಕೂತು ಹೊಗೆಸೊಪ್ಪಿನ ಚೀಲ ತೆಗೆದ.

"ಏನೋ, ಕೂತ್ಬಿಟ್ಟೆ?"

"ನನ್ನ ಪ್ರಾಣಿಗಳಿಗೆ ಕಲ್ಲು ಮೇಲೆ ನಡೆಯೋಕೆ ಕಲಿಸಿದ್ದೀನಿ ಜರ್ಜೂರ. ಹೆಂಗಸರ ಮೇಲೆ ನಡೆಯೋಕೆ ಕಲಿಸಿಲ್ಲ."

"ಖವಾಜಾ ನಿನ್ನ ಹೊಟ್ಟೆ ಮೇಲೆ ಹೊಡೀತಾರೆ!"

"ಹೊಡೀಲಿ. ಇವಳು ಮನೇಲಿ ಏಳು ದಿನದಿಂದ ಹೊಡೀತಾನೇ ಇದ್ದಾಳೆ," ಎಂದು ಅವನು ಹೆಂಡತಿಯ ಕಡೆ ತಲೆ ಆಡಿಸಿದ. ಹೀಲಾನೆ ತುಟಿ ಕಚ್ಚಿ ಹೊಳೆಯ ಕಡೆ ಮುಖ ತಿರುಗಿಸಿದಳು.

ಹಾಗೆ ತಿರುಗಿಸಿದ್ದರಿಂದಲೇ ನಜ್ಲಾ ಕಂಡಳು. ಅವಳು ಸಾಲು ಬಿಟ್ಟು ದಡಕ್ಕೆ ಇಳಿದಿದ್ದಳು. ಲಂಗ ಮೊಣಕಾಲಿಗೆ ಎತ್ತಿ ಕಟ್ಟಿ, ಮೆಟ್ಟು ಕೈಲಿ ಹಿಡಿದು, ನೀರಿಗೆ ಕಾಲಿಟ್ಟಳು. ಬೇಸಿಗೆಯ ಹೊಳೆ, ತೊಡೆ ಮಟ್ಟದ ನೀರು. ತಳದ ಕಲ್ಲಿಗೆ ಪಾಚಿ.

"ನಜ್ಲಾ!" ಎಂದು ಕೂಗಿದಳು ಹೀಲಾನೆ. "ಆ ಬಾಗಿಲಿಗೆ..."

"ಬಾಯಿ ಮುಚ್ಚಕ್ಕ! ನಿನ್ನ ಮಾತು ಕೇಳಿ ಈಸ್ಟರಿಂದ ಇಲ್ಲೀವರೆಗೆ ಮಕ್ಕಳಿಗೆ ಬೇರೆಯವರ ತಟ್ಟೆ ಬಳಿದು ತಿನ್ನಿಸಿದ್ದೀನಿ!"

ನಡುನೀರಿನಲ್ಲಿ ಒಂದು ಸಲ ಜಾರಿದಳು, ಕೈ ಊರಿ ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದ ಹೆಂಗಸರೂ, ಜರ್ಜೂರನೂ, ಪೇದೆಗಳೂ ಇಳಿದರು. ಸೇತುವೆಯ ಮೇಲಿದ್ದವರು ನೋಡುತ್ತಾ ಉಳಿದರು. ಕಲ್ಲು ಹಿಡಿದಿದ್ದ ಒಬ್ಬಳ ಕೈಯನ್ನು ಹೀಲಾನೆ ಗಟ್ಟಿಯಾಗಿ ಹಿಡಿದುಕೊಂಡಳು. ನಜ್ಲಾ ಈಚೆ ದಡ ಹತ್ತಿ, ತೊಯ್ದ ಲಂಗ ಹಿಂಡಿ, ಅಕ್ಕನ ಮುಖ ನೋಡದೆ ಕಾರ್ಖಾನೆಯ ದಾರಿ ಹಿಡಿದಳು.

ಅವರೆಲ್ಲ ಒಳಗೆ ಹೋದರು. ಬಾಗಿಲು ಮುಚ್ಚಿತು. ಬೀಗ ಹಾಕಿದ ಸದ್ದು ಮರಗಳ ಕೆಳಗೆ ಬಂದು ನಿಂತ ಐನ್‌ತೂತಿನವರಿಗೂ ಕೇಳಿಸಿತು. ಜರ್ಜೂರ ಕೀಲಿಕೈಯನ್ನು ನಡುಪಟ್ಟಿಗೆ ಸಿಕ್ಕಿಸಿಕೊಂಡು, ಖವಾಜಾನಿಗೆ ಗೆದ್ದ ಸುದ್ದಿ ಹೇಳಲು ಮಹಡಿ ಹತ್ತಿದ. ಚಿಮಣಿಯಿಂದ ಹೊಗೆ ಎದ್ದಿತು.

"ಮುಗೀತು," ಎಂದಳು ಒಬ್ಬಳು. ಕೆಲವರು ಗಂಟು ಎತ್ತಿಕೊಂಡು ಮನೆಗೆ ಹೊರಟರು. ಹೀಲಾನೆ ಹೋಗಲಿಲ್ಲ. ಮರಕ್ಕೆ ಒರಗಿ, ಕಣ್ಣು ಬಾಗಿಲಿನಲ್ಲಿಟ್ಟು ಕೂತಳು. ಹೊಸ ಕೈಗಳು, ಕುದಿನೀರು, ತೇಪೆ ಹಾಕಿದ ಕೊಳವೆ. ತಕ್ಲಾ ಕೂರುತ್ತಿದ್ದ ಜಾಗದಲ್ಲಿ ಯಾರನ್ನು ಕೂರಿಸಿರಬಹುದು? ದಾಹೆರ ಹೊರೆ ಇಳಿಸದೆಯೇ ಹೇಸರಗತ್ತೆಗಳನ್ನು ಮರಕ್ಕೆ ಕಟ್ಟಿ ಬಂದು, ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ಕೊಟ್ಟ. ಅವಳು ಕೈಯಲ್ಲಿ ಹಿಡಿದುಕೊಂಡಳು, ತಿನ್ನಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಸದ್ದು ಶುರುವಾಯಿತು.

ಲೋಹದಿಂದ ಮರಕ್ಕೆ ಬಡಿಯುವ ಸದ್ದು. ಮೊದಲು ಒಂದೇ ಕೈ, ಆಮೇಲೆ ಹಲವು. ಒಳಗಿನಿಂದ ಬಾಗಿಲು ಬಡಿಯುತ್ತಿದ್ದರು. ಗೋಡೆಗಳ ದಪ್ಪಕ್ಕೆ ಕೂಗು ಕೂಗಾಗಿ ಕೇಳದೆ ಬರೀ ಗುಂಯ್ ಎನ್ನುತ್ತಿತ್ತು.

ಹೀಲಾನೆ ಎದ್ದಳು. ರೊಟ್ಟಿ ನೆಲಕ್ಕೆ ಬಿತ್ತು.

"ಒಡೀತು," ಎಂದಳು. "ಕೊಳವೆ ಒಡೀತು. ಮತ್ತೆ ಒಡೀತು!"

ಮನೆಯ ದಾರಿ ಹಿಡಿದಿದ್ದವರು ತಿರುಗಿ ಓಡಿಬಂದರು. ದಾಹೆರ ಹೇಸರಗತ್ತೆಯ ಬೆನ್ನಿನ ಹಗ್ಗ ಕೊಯ್ದು, ಹೊರೆಯಲ್ಲಿದ್ದ ದಪ್ಪನೆಯ ಓಕ್ ದಿಮ್ಮಿಯೊಂದನ್ನು ಉರುಳಿಸಿದ. ಅವನು ಒಂದು ತುದಿ, ಹೀಲಾನೆ ಇನ್ನೊಂದು ತುದಿ, ನಡುವೆ ಸಿಕ್ಕಿದವರೆಲ್ಲ ಕೈಹಾಕಿದರು. ತಕ್ಲಾಳ ತಾಯಿ ಮುದುಕಿ, ಅವಳೂ ಹಿಡಿದಳು.

ಬಾಗಿಲ ಮುಂದೆ ದಫೇದಾರ ಕುದುರೆ ಅಡ್ಡ ನಿಲ್ಲಿಸಿದ. ಬಂದೂಕು ಕೈಗೆ ಬಂದಿತ್ತು. ನಿದ್ದೆಗಣ್ಣು ಈಗ ಪೂರ್ತಿ ತೆರೆದಿತ್ತು.

"ನಿಲ್ಲಿ! ಬಾಗಿಲು ಕಾಯೋಕೆ ನನಗೆ ಅಪ್ಪಣೆಯಾಗಿದೆ."

"ಹಾಗಾದ್ರೆ ತೆಗಿ!"

"ಕೀಲಿ ನನ್ನ ಹತ್ರ ಇಲ್ಲ. ಮೇಸ್ತ್ರಿ ಬರಲಿ."

"ಮೇಸ್ತ್ರಿ ಬರೋ ಹೊತ್ತಿಗೆ ಏನಾಗುತ್ತೆ ಅಂತ ಈ ತಾಯೀನ ಕೇಳು!" ಎಂದಳು ಹೀಲಾನೆ. "ಒಳಗಿರೋದು ನನ್ನ ತಂಗಿ. ಹೊಡಿ ಬೇಕಾದ್ರೆ. ನಾನು ದಿಮ್ಮಿ ಬಿಡಲ್ಲ."

ಅವನು ಬಂದೂಕು ಎತ್ತಿದ. ಹೀಲಾನೆ ನಡೆದಳು. ದಿಮ್ಮಿ ಹಿಡಿದವರೆಲ್ಲ ಅವಳ ಹೆಜ್ಜೆಗೆ ಹೆಜ್ಜೆ ಹಾಕಿದರು. ಬಂದೂಕಿನ ಬಾಯಿ ತನ್ನ ಹಣೆಯ ನೇರಕ್ಕಿರುವುದು ಅವಳಿಗೆ ಕಾಣುತ್ತಿತ್ತು. ಆಗ ಒಳಗಿನಿಂದ ಇದ್ದಕ್ಕಿದ್ದಂತೆ ಎಲ್ಲ ಕೈಗಳೂ ಒಟ್ಟಿಗೆ ಬಡಿದವು. ಕುದುರೆ ಬೆದರಿ ಪಕ್ಕಕ್ಕೆ ಜಿಗಿಯಿತು. ಕುದುರೆ ತಾನಾಗಿ ಬೆದರಿತೋ, ದಫೇದಾರನೇ ಲಗಾಮು ಎಳೆದನೋ, ನಮ್ಮ ಊರಿನಲ್ಲಿ ಈಗಲೂ ಎರಡು ಮಾತಿದೆ. ದಾರಿ ಬಿಟ್ಟದ್ದಂತೂ ನಿಜ.

ದಿಮ್ಮಿ ಬಾಗಿಲಿಗೆ ಬಡಿಯಿತು. ಮೊದಲ ಏಟಿಗೆ ಹಲಗೆ ಸೀಳಿತು, ಒಳಗಿದ್ದವರು ಹಿಂದಕ್ಕೆ ಸರಿದ ಸದ್ದು ಕೇಳಿತು. ಮತ್ತೊಂದಕ್ಕೆ ಕೀಲು ಕಿತ್ತು, ಬಾಗಿಲು ಬೀಗದ ಸಮೇತ ಒಳಕ್ಕೆ ವಾಲಿ ಬಿತ್ತು.

ಹೀಲಾನೆ ಕಣ್ಣು ಕಿರಿದುಮಾಡಿ ಹಬೆಗಾಗಿ ಕಾದಳು. ಹಬೆ ಬರಲಿಲ್ಲ. ಬಿದ್ದ ಬಾಗಿಲಿನಾಚೆ ನಜ್ಲಾ ನಿಂತಿದ್ದಳು. ಕೈಯಲ್ಲಿ ಗೂಡು ತಿರುವುವ ತಾಮ್ರದ ಸೌಟು, ಬಡಿದು ಬಡಿದು ಸೊಟ್ಟಗಾಗಿತ್ತು. ಅಂಗೈಯಿಂದ ರಕ್ತ ಸೋರುತ್ತಿತ್ತು. ಅವಳ ಹಿಂದೆ ರಾಸ್‌ಹಜಲದ ಹೆಂಗಸರು ಸೌಟು, ತಟ್ಟೆ, ಸಿಕ್ಕಿದ್ದನ್ನು ಹಿಡಿದು ನಿಂತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಬೋಗುಣಿಗಳಲ್ಲಿ ಗೂಡುಗಳು ತಮ್ಮ ಪಾಡಿಗೆ ಬೇಯುತ್ತಿದ್ದವು.

"ಏನಾಯ್ತೇ? ಕೊಳವೆ ಒಡೀತಾ?"

"ಏನೂ ಒಡೆದಿಲ್ಲ."

"ಮತ್ತೆ?"

"ಬೀಗ ಹಾಕಿದ್ರು!" ಎಂದಳು ನಜ್ಲಾ. "ನೀರು ಕುಡಿದು ಬರೋಣ ಅಂತ ಹೋದ್ರೆ ಬಾಗಿಲಿಗೆ ಬೀಗ! ದನ ಕೂಡಿದಹಾಗೆ ಕೂಡಿದ್ದಾರೆ. ಕೂಗಿದ್ರೆ ಕೇಳೋರಿಲ್ಲ."

"ಅಷ್ಟೇನಾ?" ಎಂದಳು ಹೀಲಾನೆ. "ಅಷ್ಟಕ್ಕೆ ಹಿಂಗೆ ಬಡಿದ್ಯಾ? ನನ್ನ ಜೀವ ಹೋಗಿತ್ತಲ್ಲೇ!"

"ಅಷ್ಟೇ ಅಂತೀಯಾ? ಅಷ್ಟಕ್ಕೇ ತಾನೇ ನೀನು ಸೇತುವೆ ಮೇಲೆ ಕೂತು 'ಆ ಬಾಗಿಲಿಗೆ' ಅಂತ ಕೂಗಿದ್ದು? ಈಗ ತಿಳೀತು."

ಹೀಲಾನೆ ಬಿದ್ದ ಬಾಗಿಲ ಮೇಲೆಯೇ ಕೂತುಬಿಟ್ಟಳು.

"ನಿನಗೆ ಬೀಗದ ವಿಷಯ ಹೇಳಲಿಲ್ವಾ ನಿನ್ನ ಭಾವ?"

"ಬೀಗದ ಮಾತೇ ಎತ್ತಲಿಲ್ಲ. ಜಾಸ್ತಿ ಕೂಲಿ ಕೇಳ್ತಾ ಇದ್ದೀರಿ ಅಂದ್ರು. ಆ ಹುಡುಗಿ ತನ್ನ ತಪ್ಪಿಗೆ ತಾನೇ ಸುಟ್ಕೊಂಡ್ಲು ಅಂದ್ರು."

ತಕ್ಲಾಳ ತಾಯಿ ಇದನ್ನು ಕೇಳಿಸಿಕೊಂಡಳು. ಅವಳು ಬೈಯಲಿಲ್ಲ. ನಜ್ಲಾಳ ಹತ್ತಿರ ಹೋಗಿ, ತನ್ನ ತಲೆವಸ್ತ್ರದ ಅಂಚು ಹರಿದು, ಆ ರಕ್ತದ ಅಂಗೈಗೆ ಕಟ್ಟಿದಳು.

ಖವಾಜಾ ಸಿಮಾನ ಇಳಿದು ಬಂದಾಗ ಎರಡೂ ಊರಿನ ಹೆಂಗಸರು ಅಂಗಳದಲ್ಲಿ ಬೆರೆತು ನಿಂತಿದ್ದರು. ಯಾರು ಯಾವ ಊರಿನವರೆಂದು ಅವನಿಗೆ ತಿಳಿಯುವಂತಿರಲಿಲ್ಲ. ಜರ್ಜೂರ "ಬಾಗಿಲು! ಬಾಗಿಲು ಯಾರು ಕೊಡ್ತಾರೆ!" ಎಂದು ಅರಚಿದ. ಖವಾಜಾ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದ. ಬೋಗುಣಿಗಳಲ್ಲಿ ಹಾಳಾಗುತ್ತಿದ್ದ ಗೂಡು ನೋಡಿದ. ರಾಸ್‌ಹಜಲದವರನ್ನು ನೋಡಿದ. ಇನ್ನು ಕರೆತರಲು ಹತ್ತಿರದಲ್ಲಿ ಬೇರೆ ಊರು ಇರಲಿಲ್ಲ.

"ಹೊಸ ಬಾಗಿಲು ಹಾಕಿಸ್ತೀನಿ," ಎಂದ. "ಅಗುಳಿ ಒಳಗಡೆ ಇರುತ್ತೆ. ಬೀಗ ಇರಲ್ಲ."

ಹೆಂಗಸರ ನಡುವೆ ಒಂದು ಗದ್ದಲವೆದ್ದಿತು. ಅವನು ಅದು ಇಳಿಯುವ ತನಕ ಕಾದ.

"ಆದ್ರೆ ಈ ಹೀಲಾನೆ ಒಳಗೆ ಬರೋ ಹಾಗಿಲ್ಲ. ಇವಳ ಗಂಡನ ಪ್ರಾಣಿಗಳೂ ನನ್ನ ಅಂಗಳಕ್ಕೆ ಬರಬಾರದು. ಒಪ್ಪಿಗೆಯಾದ್ರೆ ನಾಳೆ ಬನ್ನಿ. ಇಲ್ಲಾಂದ್ರೆ ಬೆಂಕಿ ಆರಿಸಿ ಕಾರ್ಖಾನೆ ಮುಚ್ತೀನಿ."

ಹೀಲಾನೆ ಒಬ್ಬೊಬ್ಬರ ಮುಖ ನೋಡಿದಳು. "ಹೀಲಾನೆ ಬರದೆ ಇದ್ರೆ ನಾವೂ ಬರಲ್ಲ" ಎಂಬ ಮಾತು ಯಾರ ಬಾಯಿಂದಾದರೂ ಬರಬಹುದೆಂದು ಕಾದಳು. ಒಂದು ಕ್ಷಣ ಬರುವಂತೆಯೂ ಇತ್ತು. ತಕ್ಲಾಳ ತಾಯಿ ಬಾಯಿ ತೆರೆದಳು, ಅಕ್ಕಪಕ್ಕದವರ ಕಡೆ ನೋಡಿದಳು, ಮುಚ್ಚಿದಳು. ಅವರ ಮನೆಗಳಲ್ಲಿ ಏನು ಬೇಯುತ್ತಿದೆ, ಏನು ಬೇಯುತ್ತಿಲ್ಲ ಎಂಬುದು ಹೀಲಾನೆಗೂ ಗೊತ್ತಿತ್ತು.

"ನಾನು ಬರಲ್ಲ," ಎಂದಳು ನಜ್ಲಾ.

"ಬರ್ತೀಯ," ಎಂದಳು ಹೀಲಾನೆ. "ಎಲ್ಲರೂ ಹೋಗಿ. ಹೋಗ್ರೇ, ಮುಖ ಏನು ನೋಡ್ತೀರಿ? ಬೀಗ ಬೇಡ ಅಂದ್ವಿ, ಬೀಗ ಹೋಯ್ತು."

ಹೇಳಿದ್ದು ಗಟ್ಟಿಯಾಗಿಯೇ. ಆದರೆ ಮಾರನೆಯ ಬೆಳಿಗ್ಗೆ ಗಂಟೆ ಬಾರಿಸಿ, ಹೆಂಗಸರು ಅವಳ ಮನೆಯ ಮುಂದಿನಿಂದಲೇ ತಲೆ ತಗ್ಗಿಸಿಕೊಂಡು ಹಾದುಹೋದಾಗ, ಅವಳು ಹಿಟ್ಟಿನ ಮರಿಗೆಯನ್ನು ಎತ್ತಿ ಗೋಡೆಗೆ ಬಡಿದಳು. ಒಬ್ಬಳಾದರೂ ನಿಲ್ಲಬಾರದಿತ್ತೇ ಎಂದು ಅತ್ತಳು. ಇದನ್ನು ಅವಳು ತಂಗಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ, ಅದೂ ಬಹಳ ಕಾಲದ ಮೇಲೆ.

ದಾಹೆರನಿಗೆ ಬೆಟ್ಟದಾಚೆಯ ಇದ್ದಿಲು ಸಾಗಿಸುವ ಕೆಲಸ ಸಿಕ್ಕಿತು. ದೂರದ ದಾರಿ, ವಾರಕ್ಕೊಮ್ಮೆ ಮನೆ. ಬಂದಾಗಲೆಲ್ಲ, "ನಿನ್ನಿಂದ ಕರ್ರಗಾದೆ ಮಾರಾಯ್ತಿ" ಎನ್ನುತ್ತಿದ್ದ. ಹೀಲಾನೆ ಅವನ ಅಂಗಿಗಳನ್ನು ಕುದಿಸಿ ಒಗೆದು, ಪಕ್ಕದ ಕಣಿವೆಯ ಕಾರ್ಖಾನೆಯಲ್ಲಿ ಜಾಗ ಖಾಲಿಯಾಗುವುದನ್ನು ಕಾಯುತ್ತಿದ್ದಳು. ನಜ್ಲಾ ಮಕ್ಕಳನ್ನು ಕರೆದುಕೊಂಡು ಭಾವನ ಮನೆಯಿಂದ ಅಕ್ಕನ ಮನೆಗೆ ಬಂದಳು. ಅವಳಿಗೆ ಕೊಟ್ಟದ್ದು ಹೀಲಾನೆಯ ಬೋಗುಣಿಯನ್ನೇ. ಮೊದಲ ದಿನ ಸಂಜೆ ಅವಳು ಬೆಂದ ಬೆರಳುಗಳನ್ನು ಮುಚ್ಚಿಟ್ಟುಕೊಂಡು ಊಟಕ್ಕೆ ಕೂತಳು. ಹೀಲಾನೆ ಆ ಕೈಯನ್ನು ಎಳೆದುಕೊಂಡು ಎಣ್ಣೆ ಹಚ್ಚಿದಳು.

"ಬೆರಳು ಪೂರ್ತಿ ಮುಳುಗಿಸಬೇಡ ಕಣೇ, ಪೆದ್ದಿ. ತುದಿಯಿಂದ ಮುಟ್ಟು, ತಣ್ಣೀರಲ್ಲಿ ಅದ್ದು, ಮತ್ತೆ ಮುಟ್ಟು."

"ಮೊದಲೇ ಹೇಳ್ಕೊಡಬಾರದಿತ್ತಾ?"

"ಕೇಳೋ ಹಾಗಿದ್ಯಾ ನೀನು?"

ತಕ್ಲಾಳ ಮದುವೆ ದ್ರಾಕ್ಷಿ ಕೊಯ್ಲಿಗೆ ಆಗಲಿಲ್ಲ. ಗಂಡಿನ ತಾಯಿ ಸಂಬಂಧ ಬೇಡವೆಂದು ಹೇಳಿ ಕಳಿಸಿದಳು. ಹುಡುಗ ಚಳಿಗಾಲವೆಲ್ಲ ತಾಯಿಯೊಡನೆ ಜಗಳವಾಡಿ, ಹಿಮ ಕರಗಿದ ಮೇಲೆ ತಾನೇ ಬಂದು ಕೈಹಿಡಿದ. ಹುಡುಗಿಯ ಎಡಗೈ ಮುಷ್ಟಿ ಕಟ್ಟಲು ಬಾರದು, ಮದರಂಗಿಯನ್ನು ಬಲಗೈಗೆ ಮಾತ್ರ ಹಚ್ಚಿದರು. ರಾಸ್‌ಹಜಲದ ಹೆಂಗಸರೂ ಬಂದು ಅಂಗಳದಲ್ಲಿ ಹಾಡಿದರು. ಹುಡುಗನಿಗೆ ದೂರದ ನೆಂಟನಾದ್ದರಿಂದ ಜರ್ಜೂರನೂ ಬಂದ. ತಟ್ಟೆ ಹಿಡಿದು ಬಹಳ ಹೊತ್ತು ಗೋಡೆಯ ಪಕ್ಕ ನಿಂತಿದ್ದ, ಯಾರೂ ಜಾಗ ಬಿಡಲಿಲ್ಲ. ಕೊನೆಗೆ ದಾಹೆರ ಚಾಪೆಯ ಮೇಲೆ ಒಂಚೂರು ಸರಿದ.

"ಕೂತ್ಕೋ. ಆರಿಹೋಗುತ್ತೆ."

ಜರ್ಜೂರ ಕೂತ. ದಾಹೆರನ ಪಕ್ಕದಲ್ಲಿದ್ದ ಹೀಲಾನೆ ತಟ್ಟೆ ಎತ್ತಿಕೊಂಡು ಹೆಣ್ಣಿನ ಕಡೆಯವರ ಚಾಪೆಗೆ ಹೋಗಿ, ನಜ್ಲಾಳ ಪಕ್ಕದಲ್ಲಿ ಕೂತು ಊಟ ಮುಂದುವರಿಸಿದಳು.